ಕನ್ನಡಕದೊಳಗಿನ ಹಿಟಾಚಿ

ಯಂತ್ರ ಕಲಿಯಲು ಇನ್ನು ಯಂತ್ರವೇ ಬೇಕಿಲ್ಲವಂತೆ. ಕಣ್ಣಿಗೊಂದು ದಪ್ಪ ಕನ್ನಡಕ ಕಟ್ಟಿಕೊಂಡು, ಕುರ್ಚಿಯಲ್ಲಿ ಕುಳಿತು ಲಿವರ್ ಆಡಿಸಿದರೆ ಎದುರಿಗೆ ಗಣಿ, ಟಿಪ್ಪರ್, ಬಕೆಟ್ಟು ಎಲ್ಲ ಕಾಣುತ್ತವೆ. ಡೀಸೆಲ್ ಸುಡುವುದಿಲ್ಲ, ಯಂತ್ರ ಮಗುಚಿದರೂ ಯಾರೂ ಸಾಯುವುದಿಲ್ಲ. ವಿಮಾನ ನಡೆಸುವವರಿಗಾಗಿ ಅಮೆರಿಕದ ಎಡ್ವಿನ್ ಲಿಂಕ್ 1929ರಲ್ಲೇ ಇಂಥ ಸಿಮ್ಯುಲೇಟರ್ ಮಾಡಿದ್ದ. ಮಣ್ಣು ಅಗೆಯುವವನ ಪ್ರಾಣಕ್ಕೂ ಬೆಲೆಯಿದೆಯೆಂದು ಹೊಳೆಯಲು ಲೋಕಕ್ಕೆ ಇಷ್ಟು ಕಾಲ ಹಿಡಿಯಿತು.

ಸಿಮ್ಯುಲೇಟರ್ ಬರಲಿ. ರಾರಾವಿಯಂಥ ಊರಿನ ಹುಡುಗರು ಹಿಟಾಚಿ (ಯಾವ ಕಂಪನಿಯದಾದರೂ ನಮ್ಮ ಕಡೆ ಅದು ಹಿಟಾಚಿಯೇ) ಕಲಿಯುವುದು ಹೇಗೆ? ಉಸ್ತಾದನ ಕೈಕೆಳಗೆ ಹೆಲ್ಪರ್ ಆಗಿ, ಗ್ರೀಸ್ ಹೊಡೆದು, ಚಹಾ ತಂದು, ಬೈಗುಳ ತಿಂದು, ಅವನು ಊಟಕ್ಕೆ ಇಳಿದಾಗ ಕದ್ದು ಸೀಟಿಗೇರಿ. ಇದನ್ನು ಗುರುಶಿಷ್ಯ ಪರಂಪರೆಯೆಂದು ಹಾಡಿ ಹೊಗಳುವವರು ಒಂದು ವಾರ ಆ ಗ್ರೀಸ್ ಗನ್ ಹಿಡಿದು ನೋಡಲಿ.

ಆದರೆ ಉಸ್ತಾದ್ ಫೀಸು ಕೇಳಲಿಲ್ಲ, ಮಾರ್ಕ್ಸ್ ಕಾರ್ಡೂ ಕೇಳಲಿಲ್ಲ. ಮದರಸಾ ಬಿಟ್ಟವನಿಗೂ ಆರನೇ ಕ್ಲಾಸಿಗೆ ನಿಂತವನಿಗೂ ಅಲ್ಲಿ ಜಾಗವಿತ್ತು. ಸಾರಿಗೆ ವಾಹನದ ಲೈಸೆನ್ಸಿಗೆ ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮ ಇಂಥವರ ಕುತ್ತಿಗೆಗೇ ಬಂದಿತ್ತು. ಮೇವಾತ್‌ನ ಬಡ ಚಾಲಕರ ಪರವಾಗಿ ಹರಿಯಾಣ ಸರ್ಕಾರ ದನಿಯೆತ್ತಿದ ಮೇಲೆ 2019ರಲ್ಲಿ ಕೇಂದ್ರ ಅದನ್ನು ಕೈಬಿಟ್ಟಿತು. ಓದಿಗಿಂತ ಕೈಚಳಕ ಮುಖ್ಯವೆಂದು ಒಪ್ಪಿತು. ಮುಂಬಾಗಿಲಿನಿಂದ ಹೋದ ಆ ನಿಯಮ ಈಗ ಕನ್ನಡಕದ ಹಿತ್ತಲಿನಿಂದ ಬಂದರೆ? ಖಾಸಗಿ ತರಬೇತಿ ಕೇಂದ್ರ, ಸಾವಿರಗಟ್ಟಲೆ ಫೀಸು, ಪರದೆಯ ತುಂಬ ಇಂಗ್ಲಿಷು. ಸರ್ಟಿಫಿಕೇಟ್ ಇಲ್ಲದವನನ್ನು ಗಣಿಯ ಗೇಟಿನಲ್ಲೇ ತಡೆದರೆ ಹೆಲ್ಪರ್ ಹುಡುಗ ಕೊನೆಯವರೆಗೂ ಹೆಲ್ಪರೇ.

ಇನ್ನೊಂದು ಮಾತು. ಹಗರಿ ದಂಡೆಯ ಎರೆಮಣ್ಣು ಮಳೆಗೆ ನೆನೆದಾಗ ಚೈನು ಹೂಳುವ ಮುನ್ನ ಸೀಟಿನ ಕೆಳಗೆ ಒಂದು ಜಗ್ಗಾಟ ತಿಳಿಯುತ್ತದೆ. ಅದು ಮೈಗೆ ತಿಳಿಯಬೇಕಾದದ್ದು. ಕನ್ನಡಕದ ನಂತರ ನಿಜವಾದ ಯಂತ್ರದ ಮೇಲೆ ದಿನಗಟ್ಟಲೆ ಕೂರಿಸಲೇಬೇಕು.

ದುಡ್ಡೆಲ್ಲಿದೆ ಎನ್ನುತ್ತೀರಾ? ಸುಪ್ರೀಂ ಕೋರ್ಟು 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಅದಿರು ಲೂಟಿ ಮಾಡಿದವರ ಮನೆಯಲ್ಲಿ ಅನ್ನಕ್ಕೆ ಕೊರತೆಯಾಗಲಿಲ್ಲ. ಬೀದಿಗೆ ಬಿದ್ದದ್ದು ಟಿಪ್ಪರಿನವರು. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವನ್ನು ಕೌಶಲ ತರಬೇತಿಗೂ ಬಳಸಬಹುದು. ಆ ಹಣದಲ್ಲಿ ಸಿಮ್ಯುಲೇಟರ್ ತಂದು ಹೆಲ್ಪರುಗಳಿಗೆ ಬಿಟ್ಟಿಯಾಗಿ, ಕನ್ನಡದಲ್ಲಿ, ಉರ್ದುವಿನಲ್ಲಿ, ತೆಲುಗಿನಲ್ಲಿ ಕಲಿಸಲಿ. ಕಲಿಯುವ ದಿನಗಳ ಕೂಲಿಯನ್ನೂ ಕೊಡಲಿ. ಇಪ್ಪತ್ತು ವರ್ಷ ಸೀಟಿನಲ್ಲಿ ಸವೆದ ಉಸ್ತಾದರನ್ನೇ ಸಂಬಳ ಕೊಟ್ಟು ಮೇಷ್ಟ್ರಾಗಿ ಕೂರಿಸಲಿ. ಅವರ ಬಳಿ ಸರ್ಟಿಫಿಕೇಟ್ ಇಲ್ಲವೆಂದು ಯಾವನಾದರೂ ಅಧಿಕಾರಿ ತಕರಾರು ತೆಗೆದರೆ, ಮೊದಲು ಆ ಕನ್ನಡಕವನ್ನು ಅವನಿಗೇ ಕಟ್ಟಿ ಒಂದು ಬಕೆಟ್ ಮಣ್ಣು ಎತ್ತಲು ಹೇಳಿ.