ವೀಳ್ಯದ ಕೆಂಪು ಎಲ್ಲಿತ್ತು?

ಪರ್ಕಳದ ಪೇಟೆಯಲ್ಲಿ ಬೆಳಿಗ್ಗೆ ಮಣಿಪಾಲ, ಉಡುಪಿಯ ಬಸ್ಸಿಗೆ ಕಾಯುವ ಮಕ್ಕಳ ಚೀಲದಲ್ಲಿ ಜೀವಶಾಸ್ತ್ರದ ಪುಸ್ತಕ ಇರುವುದು ಸಹಜ. ನೋವು, ನೆನಪು, ಯೋಚನೆ ಇವೆಲ್ಲ ಮೆದುಳು ಮತ್ತು ನರಮಂಡಲದ ಕೆಲಸ ಎಂದು ಅವರು ಓದುತ್ತಾರೆ. ಅದೇ ಮಕ್ಕಳು ಸಂಜೆ ಮನೆಗೆ ಬಂದಾಗ, ನೆಂಟರ ಮನೆಯ ಉತ್ತರಕ್ರಿಯೆಗೆ ಹೋಗಿ ಬಂದ ಹಿರಿಯರು "ಸಾವು ಶರೀರಕ್ಕೆ, ಆತ್ಮಕ್ಕೆಲ್ಲಿದೆ?" ಎಂದು ಮಾತನಾಡುತ್ತಿರುತ್ತಾರೆ. ಬೆಳಿಗ್ಗೆ ಓದಿದ್ದಕ್ಕೂ ಸಂಜೆ ಕೇಳಿದ್ದಕ್ಕೂ ತಾಳೆಯಾಗದೆ ಮಗ ಕೇಳುತ್ತಾನೆ: "ಯೋಚಿಸುವುದು ಮೆದುಳೇ ಆದರೆ ಆತ್ಮಕ್ಕೆ ಏನು ಕೆಲಸ?" ಹೆಚ್ಚಿನ ಮನೆಗಳಲ್ಲಿ ಸಿಗುವ ಉತ್ತರ ಒಂದೇ. "ಅಧಿಕಪ್ರಸಂಗ ಮಾಡಬೇಡ, ಹೋಗಿ ಓದಿಕೋ."

ಹುಡುಗ ಓದಿಕೊಂಡದ್ದರಿಂದಲೇ ಈ ಪ್ರಶ್ನೆ ಹುಟ್ಟಿದ್ದು ಎಂಬುದು ಬೇರೆ ಮಾತು! ಇದು ಇಂದಿನ ಪಠ್ಯಪುಸ್ತಕ ಹುಟ್ಟಿಸಿದ ಪ್ರಶ್ನೆಯೂ ಅಲ್ಲ, ಪರದೇಶದಿಂದ ಬಂದದ್ದೂ ಅಲ್ಲ. ನಮ್ಮ ನೆಲದಲ್ಲೇ ಎರಡು ಸಾವಿರ ವರ್ಷಗಳಿಗೂ ಹಿಂದಿನಿಂದ ಇದನ್ನು ಕೇಳುತ್ತ ಬಂದವರಿದ್ದಾರೆ. ಅವರನ್ನು ಲೋಕಾಯತರು ಅಥವಾ ಚಾರ್ವಾಕರು ಎನ್ನುತ್ತಾರೆ.

ಲೋಕಾಯತರ ಮೂಲಗ್ರಂಥಗಳು ಬಹುಪಾಲು ಉಳಿದಿಲ್ಲ. ಅವರ ವಾದ ನಮಗೆ ತಿಳಿದಿರುವುದು ಅವರನ್ನು ಖಂಡಿಸಿದವರ ಪುಸ್ತಕಗಳಿಂದ. ಅವುಗಳಲ್ಲಿ ಮುಖ್ಯವಾದದ್ದು ನಮ್ಮ ಕನ್ನಡ ನಾಡಿನದೇ. 14ನೇ ಶತಮಾನದ ವಿಜಯನಗರದ ಕಾಲದಲ್ಲಿ ಮಾಧವಾಚಾರ್ಯರ ಹೆಸರಿನಲ್ಲಿ ಬಂದ 'ಸರ್ವದರ್ಶನಸಂಗ್ರಹ' ಅದು. ಇವರು ಉಡುಪಿಯ ಮಧ್ವಾಚಾರ್ಯರಲ್ಲ, ಹೆಸರು ಹತ್ತಿರ, ಅಷ್ಟೆ. ಹದಿನಾರು ದರ್ಶನಗಳನ್ನು ಪರಿಚಯಿಸುವ ಈ ಪುಸ್ತಕದ ಮೊದಲ ಅಧ್ಯಾಯವೇ ಚಾರ್ವಾಕರದ್ದು. ಮಧ್ವಾಚಾರ್ಯರ ಪೂರ್ಣಪ್ರಜ್ಞ ದರ್ಶನ ಐದನೆಯದು. ದೇವರು, ಆತ್ಮ, ಪರಲೋಕ ಯಾವುದನ್ನೂ ಒಪ್ಪದವನಿಗೆ ಮೊದಲು ಮಾತನಾಡಲು ಅವಕಾಶ ಕೊಟ್ಟೇ ಆ ಗ್ರಂಥ ಮುಂದೆ ಸಾಗುತ್ತದೆ.

ಆತ ಹೇಳುವುದೇನು? ಭೂಮಿ, ನೀರು, ಬೆಂಕಿ, ಗಾಳಿ ಇವು ನಾಲ್ಕೇ ತತ್ತ್ವಗಳು. ಇವು ದೇಹದ ರೂಪದಲ್ಲಿ ಸೇರಿದಾಗ ಚೈತನ್ಯ ಹುಟ್ಟುತ್ತದೆ, ಬೇರ್ಪಟ್ಟಾಗ ಅದೂ ಹೋಗುತ್ತದೆ. "ನಿರ್ಜೀವ ವಸ್ತುಗಳು ಸೇರಿದರೆ ಅರಿವು ಹೇಗೆ ಹುಟ್ಟೀತು?" ಎಂದು ಕೇಳಿದರೆ, ಹುಳಿ ಬಂದ ಧಾನ್ಯದಲ್ಲಿ ಅಮಲು ಹುಟ್ಟುವಂತೆ ಎನ್ನುತ್ತಾನೆ. ನಮ್ಮ ಕಡೆ ಕಳ್ಳು ಇಳಿಸುವವರಿಗೆ ಇದನ್ನು ವಿವರಿಸಬೇಕಿಲ್ಲ. ಮರದಿಂದ ಇಳಿದ ರಸ ಬರೇ ಸಿಹಿ, ಹೊತ್ತೇರಿದ ಹಾಗೆ ಅದಕ್ಕೆ ಅಮಲು ಬರುತ್ತದೆ.

ಲೋಕಾಯತರ ಇನ್ನೊಂದು ಉದಾಹರಣೆ 'ಸರ್ವಸಿದ್ಧಾಂತಸಂಗ್ರಹ' ಎಂಬ ಹಳೆಯ ಗ್ರಂಥದಲ್ಲಿದೆ. ಅದು ಅಜ್ಜಿಯ ಎಲೆಯಡಿಕೆ ತಟ್ಟೆಯದೇ. ವೀಳ್ಯದೆಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಮೂರನ್ನೂ ಸೇರಿಸಿ ಜಗಿದರೆ ಬಾಯಿ ಕೆಂಪು. ಆ ಕೆಂಪು ಎಲ್ಲಿತ್ತು? ಮೂರರಲ್ಲಿ ಯಾವುದರಲ್ಲೂ ಇರಲಿಲ್ಲ, ಸೇರಿದಾಗ ಬಂತು. ಅಡಿಕೆಯಲ್ಲಿರುವ ಕೆಲವು ರಾಸಾಯನಿಕಗಳು ಸುಣ್ಣದ ಕ್ಷಾರದೊಡನೆ ಸೇರಿ ಕೆಂಪಾಗುತ್ತವೆ ಎಂದು ಇಂದಿನ ರಸಾಯನಶಾಸ್ತ್ರವೂ ಹೇಳುತ್ತದೆ.

ಭಾಷೆಯ ಬಗ್ಗೆಯೂ ಅವರ ವಾದ ಚುರುಕು. "ನಾನು ದಪ್ಪ", "ನಾನು ಸಣಕಲು" ಎಂದು ನಾವೇ ಹೇಳುತ್ತೇವೆ. ದಪ್ಪಗಿರುವುದು ದೇಹ. ಹಾಗಾದರೆ ನಾನು ಎಂದರೆ ದೇಹವೇ ತಾನೆ? "ನನ್ನ ದೇಹ" ಎಂದೂ ಹೇಳುತ್ತೇವಲ್ಲ ಎಂದರೆ, ಅದು "ರಾಹುವಿನ ತಲೆ" ಎಂದ ಹಾಗೆ ಎನ್ನುತ್ತಾರೆ. ರಾಹು ಎಂದರೆ ಬರೇ ತಲೆ. ಆದರೂ ತಲೆ ಬೇರೆ, ರಾಹು ಬೇರೆ ಎಂಬಂತೆ ಮಾತನಾಡುತ್ತೇವಲ್ಲವೆ?

ಇಂಥ ಪಕ್ಷದವನೊಬ್ಬ ಪ್ರಯೋಗಕ್ಕೂ ಇಳಿದ ಕಥೆ ಬೌದ್ಧರ ದೀಘನಿಕಾಯದಲ್ಲಿದೆ. ಪಾಯಾಸಿ ಎಂಬ ಅರಸ ಮರಣದಂಡನೆಗೆ ಗುರಿಯಾದ ಕಳ್ಳನನ್ನು ಹಂಡೆಯಲ್ಲಿಟ್ಟು, ಬಾಯಿಗೆ ಚರ್ಮ ಬಿಗಿದು, ಮಣ್ಣು ಮೆತ್ತಿಸಿ ಬೆಂಕಿ ಹಾಕಿಸಿದನಂತೆ. ಆಮೇಲೆ ಮೆಲ್ಲಗೆ ತೆರೆದು ಜೀವ ಹೊರಬರುತ್ತದೋ ಎಂದು ಕಾದರೆ ಏನೂ ಕಾಣಲಿಲ್ಲ. ಇನ್ನೊಬ್ಬನನ್ನು ಸಾವಿಗೆ ಮೊದಲು ಮತ್ತು ನಂತರ ತೂಗಿಸಿದ, ಸತ್ತ ಮೇಲೆ ದೇಹ ಹೆಚ್ಚು ಭಾರವೆಂದು ಕಂಡ. ಕ್ರೂರ ಪ್ರಯೋಗ, ಸಂಶಯವಿಲ್ಲ. ಆದರೆ 1907ರಲ್ಲಿ ಅಮೆರಿಕದ ಡಂಕನ್ ಮೆಕ್‌ಡೂಗಲ್ ಎಂಬ ವೈದ್ಯ ಪ್ರಕಟಿಸಿದ್ದೂ ಇಂಥದೇ ಕೆಲಸ. ಸಾಯುತ್ತಿದ್ದ ಆರು ರೋಗಿಗಳನ್ನು ಆತ ತೂಗಿದ. ಒಬ್ಬನಲ್ಲಿ ಸುಮಾರು 21 ಗ್ರಾಂ ಕಡಿಮೆಯಾಯಿತು, ಉಳಿದವರಲ್ಲಿ ಲೆಕ್ಕ ಕೂಡಿ ಬರಲಿಲ್ಲ. ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಆತ್ಮದ ತೂಕ 21 ಗ್ರಾಂ ಎಂಬ ಮಾತು ಮಾತ್ರ ಇಂದಿಗೂ ಸುತ್ತುತ್ತಿದೆ!

ಪಾಯಾಸಿಗೆ ಕುಮಾರ ಕಸ್ಸಪ ಎಂಬ ಭಿಕ್ಷು ಬೈಯಲಿಲ್ಲ, ಹೋಲಿಕೆಗಳಿಂದ ಉತ್ತರ ಕೊಟ್ಟ. ಶಂಖವನ್ನೇ ಕಾಣದ ಊರಿಗೆ ಒಬ್ಬ ಬಂದು ಶಂಖ ಊದಿ ಕೆಳಗಿಟ್ಟ. ಊರವರು ಶಂಖವನ್ನು ತಿರುಗಿಸಿ, ಮಗುಚಿ, ತಟ್ಟಿ, "ಮಾತಾಡು ಶಂಖವೇ" ಎಂದರಂತೆ. ಊದುವವನಿಲ್ಲದೆ ಶಂಖ ನುಡಿಯುತ್ತದೆಯೇ? ಹಾಗೆಯೇ ದೇಹವನ್ನು ಬಿಡಿಸಿ ನೋಡಿದರೆ ಜೀವ ಕಾಣದು ಎಂದು ಭಿಕ್ಷುವಿನ ವಾದ. "ಶಂಖವೂ ವಸ್ತು, ಊದುವ ಉಸಿರೂ ವಸ್ತುವೇ" ಎಂದು ಚಾರ್ವಾಕನೂ ಸುಮ್ಮನಿರಲಾರ.

ಇನ್ನು ನಮ್ಮ ಆಚಾರ್ಯರ ಉತ್ತರಕ್ಕೆ ಬರೋಣ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದಲ್ಲಿ ಒಂದು ಸೂಕ್ಷ್ಮವನ್ನು ಎತ್ತಿದ್ದಾರೆ. ದೇಹದ ಬಣ್ಣ, ಆಕಾರಗಳು ಬೇರೆಯವರಿಗೂ ಕಾಣುತ್ತವೆ. ಅರಿವು, ನೆನಪುಗಳು ಹಾಗೆ ಕಾಣುವುದಿಲ್ಲ. ವೀಳ್ಯದ ಉದಾಹರಣೆಗೆ ಇದನ್ನು ಹೊಂದಿಸಿ ನೋಡಿ. ಅಜ್ಜಿಯ ಬಾಯಿಯ ಕೆಂಪು ಮನೆಮಂದಿಗೆಲ್ಲ ಕಾಣುತ್ತದೆ. ಅಜ್ಜಿಯ ಹಲ್ಲುನೋವು ಅಜ್ಜಿಗೆ ಮಾತ್ರ ಗೊತ್ತು. ಕೆಂಪು ಹುಟ್ಟಿದ ಹಾಗೆಯೇ ಅರಿವೂ ಹುಟ್ಟಿತು ಎನ್ನುವಾಗ ಈ ವ್ಯತ್ಯಾಸಕ್ಕೆ ಏನು ಹೇಳಬೇಕು?

13ನೇ ಶತಮಾನದಲ್ಲಿ ಉಡುಪಿಯ ಬಳಿಯ ಪಾಜಕದಲ್ಲಿ ಜನಿಸಿದ ಮಧ್ವಾಚಾರ್ಯರು ಒಳಗಿನ ಈ ಅರಿವಿಗೆ 'ಸಾಕ್ಷಿ' ಎಂಬ ಹೆಸರು ಕೊಟ್ಟು ಅದಕ್ಕೆ ದೊಡ್ಡ ಸ್ಥಾನ ನೀಡಿದರು. ನನಗೆ ಸುಖವಾಯಿತು, ದುಃಖವಾಯಿತು ಎಂಬುದನ್ನು ಕಣ್ಣು ಕಿವಿಗಳಿಲ್ಲದೆ ನೇರವಾಗಿ ತಿಳಿಯುವುದು ಸಾಕ್ಷಿ. ಜೀವ ಅಣುವಿನಷ್ಟು ಚಿಕ್ಕದು, ಆದರೂ ಅದರ ಅರಿವು ಮೈಯೆಲ್ಲ ಹರಡಿದೆ ಎನ್ನುವುದಕ್ಕೆ ಬ್ರಹ್ಮಸೂತ್ರದ ಗಂಧದ ಹೋಲಿಕೆಯನ್ನು ಅವರು ಒಪ್ಪಿದರು. ಒಂದೆಡೆ ಹಚ್ಚಿದ ಗಂಧದ ತಂಪು ಇಡೀ ಮೈಗೆ ತಿಳಿಯುವಂತೆ ಅದು.

ಈಗ ಬೆಟ್ಟದ ಮೇಲಿನ ಮಣಿಪಾಲಕ್ಕೆ ಬರೋಣ. ಕಸ್ತೂರ್ಬಾ ಮೆಡಿಕಲ್ ಕಾಲೇಜು 1953ರಲ್ಲಿ ಆರಂಭವಾಯಿತು. ಅದೇ ವರ್ಷ ಅಮೆರಿಕದಲ್ಲಿ ಅಪಸ್ಮಾರದಿಂದ ನರಳುತ್ತಿದ್ದ ಹೆನ್ರಿ ಮೊಲೈಸನ್ ಎಂಬ ಯುವಕನ ಮೆದುಳಿನ ಎರಡೂ ಬದಿಯ ಒಂದು ಭಾಗವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದರು. ಅಪಸ್ಮಾರವೇನೋ ಹತೋಟಿಗೆ ಬಂತು, ಆದರೆ ಹೊಸ ನೆನಪು ಮನಸ್ಸಿನಲ್ಲಿ ನಿಲ್ಲುವುದೇ ನಿಂತುಹೋಯಿತು. 2008ರಲ್ಲಿ ಸಾಯುವವರೆಗೂ ಆತನ ಪಾಡು ಅದೇ. ನೆನಪು ಆತ್ಮದ ಸ್ವತ್ತಾಗಿದ್ದರೆ ಚಾಕುವಿಗೆ ಸಿಕ್ಕಿದ್ದು ಹೇಗೆ? ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಕೊಡುವ ಕೆಲವೇ ಮಿಲಿಲೀಟರ್ ಔಷಧ "ನಾನು" ಎಂಬ ಅರಿವನ್ನೇ ಆರಿಸಿ, ಆಮೇಲೆ ಮರಳಿ ಬರಲು ಬಿಡುತ್ತದೆ. ಸುಮಾರು 1,400 ಗ್ರಾಂ ತೂಕದ, 8,600 ಕೋಟಿಯಷ್ಟು ನರಕೋಶಗಳಿರುವ ಮೆದುಳಿಗೆ ಏನಾದರೂ ಆದರೆ ಮನಸ್ಸಿಗೂ ಆಗುತ್ತದೆ. ಇಷ್ಟರ ಮಟ್ಟಿಗೆ ಚಾರ್ವಾಕನ ಮಾತಿಗೆ ಇಂದು ಬಲವಾದ ಸಾಕ್ಷ್ಯವಿದೆ ಎಂಬುದನ್ನು ಒಪ್ಪಲೇಬೇಕು.

ಆದರೆ ಹಲ್ಲುನೋವಿನ ಪ್ರಶ್ನೆ ಹಾಗೆಯೇ ಉಳಿದಿದೆ. ನೋವಾದಾಗ ಯಾವ ನರ ಮಿಡಿಯಿತು ಎಂದು ಯಂತ್ರ ತೋರಿಸುತ್ತದೆ. ಆ ಮಿಡಿತ ನೋವಾಗಿ ಅನುಭವಕ್ಕೆ ಬರುವುದು ಏಕೆ? ದಾರ್ಶನಿಕ ಡೇವಿಡ್ ಚಾಮರ್ಸ್ 1995ರಲ್ಲಿ ಇದನ್ನು ಪ್ರಜ್ಞೆಯ 'ಕಠಿಣ ಸಮಸ್ಯೆ' ಎಂದು ಕರೆದರು. 1998ರಲ್ಲಿ ನರವಿಜ್ಞಾನಿ ಕ್ರಿಸ್ಟಾಫ್ ಕಾಖ್ ಅವರೊಂದಿಗೆ ಪಂಥ ಕಟ್ಟಿ, 25 ವರ್ಷಗಳೊಳಗೆ ಪ್ರಜ್ಞೆಗೆ ಕಾರಣವಾದ ನರಗಳ ಗುರುತು ಸ್ಪಷ್ಟವಾಗಿ ಸಿಗುತ್ತದೆ ಎಂದರು. 2023ರಲ್ಲಿ ನ್ಯೂಯಾರ್ಕಿನಲ್ಲಿ ಕಾಖ್ ಸೋಲೊಪ್ಪಿ ದ್ರಾಕ್ಷಾರಸದ ಬಾಟಲಿಗಳನ್ನು ಚಾಮರ್ಸ್ ಕೈಗಿತ್ತರು. ಇದರಿಂದ ಆತ್ಮವಿದೆ ಎಂದು ಸಿದ್ಧವಾಯಿತೆಂದು ಯಾರೂ ಹಿಗ್ಗಬೇಕಿಲ್ಲ. ವಿವರಣೆ ಸಿಕ್ಕಿಲ್ಲ ಎಂಬುದು ಬೇರೆ, ಸಿಗುವುದೇ ಇಲ್ಲ ಎಂಬುದು ಬೇರೆ. ಬೆಂಗಳೂರಿನಲ್ಲಿ 1988ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಪ್ರಜ್ಞೆಯ ಅಧ್ಯಯನಕ್ಕೆಂದೇ ವಿಭಾಗವಿದೆ. "ಇದನ್ನೆಲ್ಲ ಓದಿ ಏನು ಪ್ರಯೋಜನ?" ಎನ್ನುವ ಪಾಲಕರು ಇದನ್ನು ಗಮನಿಸಬೇಕು.

ಇದು ಜಗಲಿಯಲ್ಲಿ ಕುಳಿತು ಹೊತ್ತು ಕಳೆಯುವ ಚರ್ಚೆ ಮಾತ್ರ ಅಲ್ಲ. ರಸ್ತೆ ಅಪಘಾತದಲ್ಲಿ ತಲೆಗೆ ಪೆಟ್ಟಾದ ತರುಣ ಆಸ್ಪತ್ರೆಯಲ್ಲಿ ಮಲಗಿದ್ದಾನೆ ಎನ್ನೋಣ. ವೆಂಟಿಲೇಟರ್ ಉಸಿರಾಡಿಸುತ್ತಿದೆ, ಎದೆ ಬಡಿಯುತ್ತಿದೆ, ಮೈ ಬೆಚ್ಚಗಿದೆ. ವೈದ್ಯರು "ಮೆದುಳು ಸತ್ತಿದೆ" ಎನ್ನುತ್ತಾರೆ. ಅವನು ಇದ್ದಾನೋ ಇಲ್ಲವೋ? ತಂದೆ ತಾಯಿ ಗಂಟೆಗಳೊಳಗೆ ಉತ್ತರಿಸಬೇಕಾದ ಪ್ರಶ್ನೆ ಇದು.

ಕೋಮಾ ಬೇರೆ, ಮೆದುಳಿನ ಸಾವು ಬೇರೆ ಎಂಬುದನ್ನು ಪ್ರತಿ ಮನೆಯವರೂ ತಿಳಿದಿರಬೇಕು. ಕೋಮಾದಿಂದ ಕೆಲವರು ಮರಳುತ್ತಾರೆ. ಮೆದುಳಿನ ಕಾಂಡ ಪೂರ್ತಿ ಸತ್ತ ಮೇಲೆ ಮರಳುವುದಿಲ್ಲ. ಹೃದಯಕ್ಕೆ ತನ್ನದೇ ಮಿಡಿತವಿರುವುದರಿಂದ ಯಂತ್ರದ ಉಸಿರು ಸಿಕ್ಕರೆ ಅದು ಸ್ವಲ್ಪ ಕಾಲ ಬಡಿಯುತ್ತಿರುತ್ತದೆ. 1994ರ ಅಂಗಾಂಗ ಕಸಿ ಕಾಯಿದೆಯ ಪ್ರಕಾರ ನಾಲ್ವರು ವೈದ್ಯರ ಮಂಡಳಿ, ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಿ ದೃಢಪಡಿಸಬೇಕು. ಅಂಗಾಂಗ ದಾನಕ್ಕೆ ಮನೆಯವರ ಒಪ್ಪಿಗೆ ಬೇಕು. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೆ ಸಿಲುಕಿದ ನಟ ಸಂಚಾರಿ ವಿಜಯ್ ಅವರ ಮೆದುಳು ನಿಷ್ಕ್ರಿಯವಾದಾಗ ಕುಟುಂಬದವರು ಅಂಗಾಂಗ ದಾನಕ್ಕೆ ಒಪ್ಪಿದ್ದು ನಾಡಿಗೆಲ್ಲ ಗೊತ್ತಿದೆ.

ಇಲ್ಲಿ ಚಾರ್ವಾಕನೂ ಆಸ್ತಿಕನೂ ಒಂದೇ ಕಡೆ ಬಂದು ಸೇರಬಹುದು. ಅರಿವು ಮೆದುಳಿನದೇ ಆಗಿದ್ದರೆ ಅದು ಮುಗಿದಿದೆ. ಉಳಿದ ಅಂಗಗಳು ಇನ್ನೊಬ್ಬರಿಗೆ ಆಗಲಿ. ಆತ್ಮವೇ ನಿಜವಾಗಿದ್ದರೆ ಹೊರಟ ಆತ್ಮಕ್ಕೆ ಮೂತ್ರಪಿಂಡದ ಅಗತ್ಯವಿಲ್ಲ. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗಬೇಕಾದೀತು ಎಂದು ಅಂಜುವವರಿದ್ದಾರೆ. ಚಿತೆಯಲ್ಲಿ ಸುಟ್ಟ ಕಣ್ಣಾದರೂ ಜೊತೆಗೆ ಬರುತ್ತದೆಯೇ? ಇಂಥ ಮಾತು ಆಸ್ಪತ್ರೆಯ ಕಾರಿಡಾರಿನಲ್ಲಿ ಮೊದಲ ಬಾರಿಗೆ ಬರಬಾರದು. ಮನೆಯಲ್ಲಿ, ನೆಮ್ಮದಿಯ ಹೊತ್ತಿನಲ್ಲಿ ಆಗಿರಬೇಕು. "ಅಧಿಕಪ್ರಸಂಗ" ಎಂದು ಮಕ್ಕಳ ಬಾಯಿ ಮುಚ್ಚಿಸಿದ ಮನೆಯಲ್ಲಿ ಅದು ಆಗುವುದು ಕಷ್ಟ.

ನಮ್ಮ ಕರಾವಳಿಗೆ ವಾದ ಹೊಸದಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ತಾಳಮದ್ದಳೆಯಲ್ಲಿ ವಾಲಿಯಾಗಿ ರಾಮನನ್ನು ಪ್ರಶ್ನಿಸುವಾಗ ರಾಮಭಕ್ತರೇ ಕಿವಿಗೊಟ್ಟು ಕೇಳುತ್ತಿದ್ದರು. ವಾಲಿಯ ಪಕ್ಷ ಸಪ್ಪೆಯಾದರೆ ರಾಮನ ಉತ್ತರಕ್ಕೂ ಬೆಲೆಯಿಲ್ಲ ಎಂದು ಅವರಿಗೆ ಗೊತ್ತಿತ್ತು. ಶಾಸ್ತ್ರದಲ್ಲಿ ಇದಕ್ಕೆ ಪೂರ್ವಪಕ್ಷ ಎನ್ನುತ್ತಾರೆ. ಎದುರಾಳಿಯ ಮಾತನ್ನು ಅವನಿಗಿಂತಲೂ ಚೆನ್ನಾಗಿ ಹೇಳಿ ಆಮೇಲೆ ಉತ್ತರಿಸುವ ಕ್ರಮ ಅದು. ರಂಗಸ್ಥಳದಲ್ಲಿ ನಾವು ಮೆಚ್ಚುವ ಈ ಕ್ರಮಕ್ಕೆ ಊಟದ ಮನೆಯಲ್ಲಿ ಜಾಗವಿಲ್ಲವೆಂದರೆ ಹೇಗೆ?

ಪಾಲಕರು ಎಲ್ಲಕ್ಕೂ ಉತ್ತರ ಕೊಡಬೇಕೆಂದಿಲ್ಲ. "ನನಗೂ ಗೊತ್ತಿಲ್ಲ, ಒಟ್ಟಿಗೆ ಓದುವ" ಎಂದರೆ ಮಕ್ಕಳ ಕಣ್ಣಿನಲ್ಲಿ ಅಪ್ಪ ಅಮ್ಮ ಸಣ್ಣವರಾಗುವುದಿಲ್ಲ. ವಿದ್ಯಾರ್ಥಿಗಳಿಗೂ ಒಂದು ಮಾತು. ನರಮಂಡಲದ ಒಂದು ಪಾಠ ಓದಿದ ಮಾತ್ರಕ್ಕೆ ಆತ್ಮದ ಪ್ರಶ್ನೆ ಮುಗಿಯಿತೆಂದು ಮನೆಯ ಹಿರಿಯರನ್ನು ನೋಡಿ ನಗಬೇಡಿ. "ನಾನು ಹೇಳುವುದೂ ಇದನ್ನೇ ಮಗಾ" ಎಂದು ಅಜ್ಜಿ ತಲೆದೂಗುವ ಹಾಗೆ ಮೊದಲು ಅಜ್ಜಿಯ ಪಕ್ಷವನ್ನು ಹೇಳಲು ಕಲಿಯಿರಿ. ಖಂಡಿಸುವ ಕೆಲಸ ಆಮೇಲಿನದು.