ಪಡಸಾಲೆಯ ಬೀಗದಕೈ

ಕಳೆದ ಸಂಚಿಕೆಯಲ್ಲಿ ನಾವು ಕುಂಡದಲ್ಲಿ ಕರಿಬೇವು ಬೆಳೆಸುವ ವಿಚಾರ ಬರೆದಿದ್ದೆವು. ಅದನ್ನೋದಿದ ಸಂಘದ ಹಿರಿಯರೊಬ್ಬರು, "ಗಿಡದ ಮಾತು ಸಾಕು. ಮನೆಗೆ ಬಂದವರೆಲ್ಲ ಮೊದಲು ವೈಫೈ ಪಾಸ್‌ವರ್ಡ್ ಕೇಳುತ್ತಾರಲ್ಲ, ಅದಕ್ಕೊಂದು ಉಪಾಯ ಬರೆಯಿರಿ" ಎಂದು ಅಪ್ಪಣೆ ಮಾಡಿದರು. ಹಿರಿಯರ ಅಪ್ಪಣೆ ಮೀರುವಂತಿಲ್ಲ. ಅಲ್ಲದೆ ಈ ವಿಷಯದಲ್ಲಿ ನಮ್ಮದೊಂದು ತಪ್ಪು ಒಪ್ಪಿಕೊಳ್ಳುವುದೂ ಬಾಕಿಯಿದೆ. ಆದ್ದರಿಂದ ಈ ಸಲ ಉಪಾಯ, ತಪ್ಪೊಪ್ಪಿಗೆ ಎರಡೂ ಒಟ್ಟಿಗೆ.

ನಮ್ಮ ಕಡೆ ಹಿಂದೆ ಮನೆಗೆ ಬಂದವರಿಗೆ ಕಾಲಿಗೆ ನೀರು, ಬಾಯಿಗೆ ಬೆಲ್ಲ ಕೊಡುತ್ತಿದ್ದರು. ಈಗ ನೀರಿನ ತಂಬಿಗೆ ಕೈಗೆ ಬರುವ ಮೊದಲೇ ಅತಿಥಿಯ ಕಣ್ಣು ಗೋಡೆಯ ಮೇಲೆ ಮಿಣುಕುವ ಪೆಟ್ಟಿಗೆಯ ಕಡೆ ಹೊರಳುತ್ತದೆ. ಡೊಂಬಿವಲಿಯ ನಮ್ಮ ಎರಡು ಕೋಣೆಯ ಬಿಡಾರಕ್ಕೆ ಊರಿನಿಂದ ಬರುವವರು ಕಡಿಮೆಯಲ್ಲ. ಆಸ್ಪತ್ರೆಗೆಂದು ಬರುವವರುಂಟು, ಸಂದರ್ಶನಕ್ಕೆಂದು ಬರುವವರುಂಟು, ಬರಿದೆ ಸಮುದ್ರ ನೋಡಲು ಬರುವವರೂ ಉಂಟು. ಬಂದವರಿಗೆಲ್ಲ ನಾವು ಉದಾರವಾಗಿ ಪಾಸ್‌ವರ್ಡ್ ಹೇಳುತ್ತಿದ್ದೆವು. ಮಗಳ ಹೆಸರು, ಅದರ ಮುಂದೆ ಅವಳು ಹುಟ್ಟಿದ ವರ್ಷ. ಹೇಳಲು ಸುಲಭ, ನೆನಪಿಡಲು ಇನ್ನೂ ಸುಲಭ.

ಒಗ್ಗರಣೆಯ ವಾಸನೆ ಮೆಟ್ಟಿಲು ಹತ್ತಿ ಹೋಗುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲವಷ್ಟೇ. ನಮ್ಮ ಪಾಸ್‌ವರ್ಡ್ ಕೂಡ ಹಾಗೆಯೇ ಒಬ್ಬ ಅತಿಥಿಯ ಬಾಯಿಂದ ಪಕ್ಕದ ಮನೆಗೆ, ಅಲ್ಲಿಂದ ಮೇಲಿನ ಮಹಡಿಗೆ ಹೋಯಿತು. ಒಂದು ರಾತ್ರಿ ಹನ್ನೊಂದು ಗಂಟೆಗೆ ಒಳಕೋಣೆಯ ಪ್ರಿಂಟರು ತಾನಾಗಿ ಎಚ್ಚೆತ್ತು ಕಾಗದ ಉಗುಳತೊಡಗಿತು. ಎದ್ದು ನೋಡಿದರೆ ಯಾರದೋ ಸಾಲದ ಅರ್ಜಿ, ಹದಿನಾಲ್ಕು ಪುಟ! ಕಚೇರಿಯಲ್ಲಿ ದಿನವಿಡೀ ಅರ್ಜಿಗಳ ನಡುವೆಯೇ ಇರುವ ನಮಗೆ ರಾತ್ರಿ ಮನೆಯಲ್ಲಿಯೂ ಅರ್ಜಿ. ಮೇಲಿನ ಮಹಡಿಯ ಹುಡುಗ ತನ್ನ ಮೊಬೈಲಿನಲ್ಲಿ ತಪ್ಪು ಪ್ರಿಂಟರನ್ನು ಒತ್ತಿದ್ದನಂತೆ. ಅವನು ಬಂದು ಕ್ಷಮೆ ಕೇಳಿ ಕಾಗದ ಒಯ್ದ. ನಮಗೆ ಮಾತ್ರ ನಿದ್ದೆ ಹತ್ತಲಿಲ್ಲ. ಪ್ರಿಂಟರಿನ ತನಕ ಬಂದವನಿಗೆ ಪಕ್ಕದ ಕಂಪ್ಯೂಟರು ಎಷ್ಟು ದೂರ? ತಂದೆಯವರ ಪಿಂಚಣಿ ಕಾಗದ, ಮನೆಯ ಬಾಡಿಗೆ ಕರಾರು, ಮಗಳ ಫೋಟೋಗಳು ಎಲ್ಲವೂ ಅದರಲ್ಲಿವೆ. ಮರುದಿನವೇ ಪಾಸ್‌ವರ್ಡ್ ಬದಲಿಸಿ, ಇನ್ನು ಯಾರಿಗೂ ಹೇಳುವುದಿಲ್ಲವೆಂದು ಶಪಥ ಮಾಡಿದೆವು.

ಶಪಥದ ಪರೀಕ್ಷೆ ಆ ಮಳೆಗಾಲದಲ್ಲೇ ಬಂತು. ನಮ್ಮ ದೊಡ್ಡಪ್ಪನ ಮೊಮ್ಮಗ ಗದಗಿನಿಂದ ಸಂದರ್ಶನಕ್ಕೆಂದು ಬಂದ. ಇಪ್ಪತ್ತೆರಡು ವರ್ಷದ, ಮಾತು ಕಡಿಮೆಯ ಹುಡುಗ. ಊಟವಾದ ಮೇಲೆ ಸಂಕೋಚದಿಂದಲೇ ಕೇಳಿದ:

"ಕಾಕಾ, ವೈಫೈ ಪಾಸ್‌ವರ್ಡ್ ಹೇಳ್ತೀರೇನ್ರಿ? ನಾಳಿನ ಇಂಟರ್‌ವ್ಯೂಕ್ಕ ಸರ್ಟಿಫಿಕೇಟ್ ಕಳಸಬೇಕಾಗೇದ. ನನ್ನ ಡೇಟಾ ಮುಗದದ."

ನಾವು ಗೋಡೆಯ ಕಡೆ ನೋಡುತ್ತ, "ಇವತ್ತ ನೆಟ್ಟ ಬರವಲ್ದಪಾ" ಎಂದುಬಿಟ್ಟೆವು.

ಅಷ್ಟರಲ್ಲಿ ಒಳಗಿನಿಂದ ಮಗಳು ಓಡಿ ಬಂದು, "ಅಪ್ಪಾ, ಟಿವ್ಯಾಗ ಕಾರ್ಟೂನ್ ಮುಗೀತು, ಇನ್ನೊಂದು ಹಚ್ಚಿ ಕೊಡು" ಎಂದಳು.

ಹುಡುಗ ತಲೆ ತಗ್ಗಿಸಿದ. "ಇರ್ಲಿ ಬಿಡ್ರಿ ಕಾಕಾ, ಸ್ಟೇಷನ್ ಹತ್ರ ಝೆರಾಕ್ಸ್ ಅಂಗಡಿ ನೋಡೇನಿ, ಅಲ್ಲೇ ಮಾಡಿಸ್ಕೊಂಡು ಬರ್ತೇನಿ" ಎಂದು ಕೊಡೆಯನ್ನೂ ಕೇಳದೆ ಹೊರಟ. ಹಿಂದಿರುಗಿದಾಗ ಹತ್ತೂವರೆ. ಮೈಯೆಲ್ಲ ತೊಯ್ದಿತ್ತು. ಎದೆಗವಚಿಕೊಂಡಿದ್ದ ಪ್ಲಾಸ್ಟಿಕ್ ಚೀಲದ ಪ್ರಮಾಣಪತ್ರಗಳು ಮಾತ್ರ ಒಣಗಿದ್ದವು. ಅವನು ಮಲಗಿದ ಮೇಲೆ ನಮ್ಮ ಮನೆಯವರು ಮೆಲ್ಲಗೆ ಹೇಳಿದರು: "ಉಣ್ಣಲಿಕ್ಕೆ ಹಾಕಿದ್ರಿ, ಹಾಸಿಗಿ ಕೊಟ್ರಿ, ಆ ನಾಕು ಅಕ್ಷರಕ್ಕ ಯಾಕ ಜೀವ ಹಿಡಿದ್ರಿ?"

ಉತ್ತರ ಕೊಡಲಾಗಲಿಲ್ಲ. ಆ ರಾತ್ರಿ ನಮಗೆ 2012ರ ಮಾತು ನೆನಪಾಯಿತು. ನಾವು ಈ ಮಹಾನಗರಕ್ಕೆ ಹೊಸದಾಗಿ ಬಂದಾಗ ಮಾಟುಂಗಾದ ಒಂದು ಕನ್ನಡ ಸಂಸಾರ ಮೂರು ವಾರ ನಮ್ಮನ್ನು ಇಟ್ಟುಕೊಂಡಿತ್ತು. ಆ ಮನೆಯ ತಾಯಿ ಮೊದಲ ದಿನವೇ ಹೊರಬಾಗಿಲಿನ ಬೀಗದಕೈ ನಮ್ಮ ಕೈಗಿತ್ತರು. ಕಪಾಟಿನ ಬೀಗದಕೈ ಮಾತ್ರ ಅವರ ಸೊಂಟದಲ್ಲೇ ಇತ್ತು. ಅದರಿಂದ ನಮಗೆ ಅವಮಾನವಾಯಿತೇ? ಇಲ್ಲ. ಅವರಿಗೆ ಸುಳ್ಳು ಹೇಳುವ ಪ್ರಸಂಗ ಬಂತೇ? ಅದೂ ಇಲ್ಲ. ಎರಡು ಬೀಗ, ಎರಡು ಕೈ. ಮರ್ಯಾದೆ ಇಬ್ಬರದೂ ಉಳಿಯಿತು. ನಮ್ಮ ಮನೆಯಲ್ಲಿದ್ದ ದೋಷ ಇಷ್ಟೇ: ಪಡಸಾಲೆಗೂ ಕಪಾಟಿಗೂ ಒಂದೇ ಬೀಗದಕೈ ಮಾಡಿಕೊಂಡಿದ್ದೆವು. ಕೊಟ್ಟರೆ ಎಲ್ಲವನ್ನೂ ಕೊಡಬೇಕು, ಇಲ್ಲವಾದರೆ ಏನೂ ಇಲ್ಲ.

ವೈಫೈ ಪೆಟ್ಟಿಗೆಯಲ್ಲಿ, ಎಂದರೆ ರೌಟರಿನಲ್ಲಿ, ಈ ಎರಡನೆಯ ಬೀಗದಕೈ ಮೊದಲೇ ಇರುತ್ತದೆ. ನಾವು ತೆಗೆದು ನೋಡಿರುವುದಿಲ್ಲ, ಅಷ್ಟೆ. ಅದಕ್ಕೆ 'ಗೆಸ್ಟ್ ನೆಟ್‌ವರ್ಕ್' ಎಂದು ಹೆಸರು. ಒಂದೇ ಪೆಟ್ಟಿಗೆ ಎರಡು ಹೆಸರಿನಲ್ಲಿ ವೈಫೈ ಹರಡುತ್ತದೆ. ಮನೆಯ ವೈಫೈಯಲ್ಲಿರುವ ಮೊಬೈಲು, ಕಂಪ್ಯೂಟರು, ಪ್ರಿಂಟರು, ಟಿವಿಗಳು ಒಂದನ್ನೊಂದು ಕಾಣಬಲ್ಲವು. ಅತಿಥಿಯ ವೈಫೈಗೆ ಸೇರಿದವರಿಗೆ ಹೊರಗಿನ ಇಂಟರ್‌ನೆಟ್ ಸಿಕ್ಕುತ್ತದೆ, ಮನೆಯೊಳಗಿನ ಸಾಮಾನು ಕಾಣುವುದಿಲ್ಲ. ಅತಿಥಿ ಸಜ್ಜನನೇ ಇರಬಹುದು. ಆದರೆ ಅವನ ಮೊಬೈಲಿನೊಳಗೆ ಅವನಿಗೇ ಗೊತ್ತಿಲ್ಲದೆ ದುಷ್ಟ ತಂತ್ರಾಂಶ ಸೇರಿರಬಹುದಲ್ಲ? ಅದೂ ಪಡಸಾಲೆಯಲ್ಲೇ ನಿಲ್ಲುತ್ತದೆ.

ಮುಂದಿನ ರವಿವಾರ ನಾವು ಕೆಲಸಕ್ಕೆ ಕುಳಿತೆವು. ಪೆಟ್ಟಿಗೆಯನ್ನು ಬೋರಲು ಹಾಕಿದರೆ ತಳದಲ್ಲೊಂದು ಚೀಟಿ. ಅದರಲ್ಲಿ 192.168.1.1 ಎಂಬ ವಿಳಾಸ. ಕೆಲವು ಪೆಟ್ಟಿಗೆಗಳಲ್ಲಿ 192.168.0.1 ಎಂದಿರುತ್ತದೆ. ಮೊಬೈಲು ಮನೆಯ ವೈಫೈಯಲ್ಲಿರುವಾಗ ಬ್ರೌಸರಿನ ವಿಳಾಸದ ಜಾಗದಲ್ಲಿ ಅದನ್ನು ಬರೆದರೆ ಪೆಟ್ಟಿಗೆಯ ಕಚೇರಿ ತೆರೆದುಕೊಳ್ಳುತ್ತದೆ. ಒಳಗೆ ಹೋಗಲು ಬಳಕೆದಾರನ ಹೆಸರು, ಪಾಸ್‌ವರ್ಡ್ ಬೇಕು. ಇದು ವೈಫೈ ಪಾಸ್‌ವರ್ಡ್ ಅಲ್ಲ, ಪೆಟ್ಟಿಗೆಯ ಯಜಮಾನಿಕೆಯ ಪಾಸ್‌ವರ್ಡ್. ಅದೇ ಚೀಟಿಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಚೀಟಿಯಲ್ಲಿ ಅಚ್ಚಾದದ್ದು ಯಾರ ಕಣ್ಣಿಗೂ ಬೀಳಬಹುದಾದ್ದರಿಂದ ಮೊದಲು ಅದನ್ನು ಬದಲಿಸಿ ಡೈರಿಯಲ್ಲಿ ಬರೆದಿಟ್ಟೆವು.

ಅನಂತರ ನಮ್ಮ ಅವಸರದ ಫಲ. ಅತಿಥಿಯ ವೈಫೈಗೆ ಹೆಸರಿಡಲು ಹೋಗಿ ಮನೆಯ ವೈಫೈ ಹೆಸರನ್ನೇ ಬದಲಿಸಿಬಿಟ್ಟೆವು. ಟಿವಿ ನಿಂತಿತು, ಪ್ರಿಂಟರು ಮುನಿಯಿತು, ಮಗಳು ಅತ್ತಳು. ಹಳೆಯ ಹೆಸರನ್ನು ಅಕ್ಷರಶಃ ಮತ್ತೆ ಬರೆದಾಗ ಎಲ್ಲವೂ ತಾವಾಗಿ ಮರಳಿದವು. ಆದ್ದರಿಂದ ಓದುಗರು 'ಗೆಸ್ಟ್' ಎಂಬ ಮಾತಿರುವ ಪುಟದಲ್ಲೇ ಇದ್ದೇವೆಂದು ಖಾತ್ರಿ ಮಾಡಿಕೊಂಡು ಮುಂದುವರಿಯಬೇಕು. ಅಲ್ಲಿ ಮಾಡುವುದು ನಾಲ್ಕೇ ಕೆಲಸ. ಗೆಸ್ಟ್ ನೆಟ್‌ವರ್ಕ್ ಚಾಲೂ ಮಾಡುವುದು. ಹೆಸರು ಕೊಡುವುದು, ನಾವು 'ಪಡಸಾಲೆ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆವು. ರಕ್ಷಣೆಯ ಸಾಲಿನಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆರಿಸಿ ಬೇರೆಯೇ ಪಾಸ್‌ವರ್ಡ್ ಕೊಡುವುದು. ಅದು ಕನಿಷ್ಠ 8 ಅಕ್ಷರದ್ದಿರಬೇಕು. ಕೊನೆಯದಾಗಿ, 'ಅತಿಥಿಗಳು ಮನೆಯ ಜಾಲವನ್ನು ಕಾಣಲಿ' ಎಂಬರ್ಥದ ಸಾಲೊಂದು ಇದ್ದರೆ ಅದನ್ನು ಬಂದಾಗಿಯೇ ಇಡುವುದು. ಈ ಸಾಲನ್ನು ಮರೆತರೆ ಎರಡು ಬಾಗಿಲು ಮಾಡಿ ನಡುವಿನ ಗೋಡೆ ಕಟ್ಟದೆ ಬಿಟ್ಟಂತೆ.

ಆಮೇಲೆ ಪರೀಕ್ಷೆ. ಮೊಬೈಲನ್ನು 'ಪಡಸಾಲೆ'ಗೆ ಸೇರಿಸಿ ಮುದ್ರಿಸಲು ಹೋದೆವು. ಪ್ರಿಂಟರು ಕಾಣಲಿಲ್ಲ. ಸಾಧನವೊಂದು ಕಾಣದೆ ಹೋದದ್ದಕ್ಕೆ ನಾವು ಸಂತೋಷಪಟ್ಟದ್ದು ಅದೇ ಮೊದಲು! ಅತಿಥಿ ತನ್ನ ಮೊಬೈಲಿನ ಮದುವೆಯ ಫೋಟೋಗಳನ್ನು ನಮ್ಮ ಟಿವಿಗೆ ಹಾಯಿಸಲು ಈಗ ಆಗುವುದಿಲ್ಲವೆಂಬುದು ನಿಜ. ಮೊಬೈಲನ್ನೇ ಕೈಯಿಂದ ಕೈಗೆ ದಾಟಿಸಿ ನೋಡುತ್ತೇವೆ.

ಬಾಡಿಗೆಗೆ ಬಂದ ಕೆಲವು ಪೆಟ್ಟಿಗೆಗಳಲ್ಲಿ ಈ ಪುಟ ಮುಚ್ಚಿರುತ್ತದೆ. ಆಗ ಸಂಪರ್ಕ ಕೊಟ್ಟವರಿಗೇ ಫೋನು ಮಾಡಿ ತೆರೆಯಲು ಕೇಳಬೇಕು. ಎರಡನೆಯ ಪೆಟ್ಟಿಗೆ ತಂದು ಮೊದಲನೆಯದಕ್ಕೆ ಜೋಡಿಸುವವರೂ ಉಂಟು. ಹಾಗೆ ಮಾಡುವವರು ಮನೆಯ ಸಾಧನಗಳನ್ನು ಒಳಗಿನ ಎರಡನೆಯ ಪೆಟ್ಟಿಗೆಗೂ ಅತಿಥಿಗಳನ್ನು ಹೊರಗಿನ ಮೊದಲನೆಯದಕ್ಕೂ ಸೇರಿಸಬೇಕು. ತಿರುವುಮುರುವಾದರೆ ಅತಿಥಿಗೆ ಮನೆಯ ಜಾಲ ತೆರೆದೇ ಇರುತ್ತದೆ.

ಇನ್ನೊಂದು ಎಚ್ಚರಿಕೆ. ಬಾಗಿಲು ಎರಡಾದರೂ ಮನೆಯ ವಿಳಾಸ ಒಂದೇ. ಅತಿಥಿ ಏನು ಮಾಡಿದರೂ ಹೊರಗಿನವರಿಗೆ ಕಾಣುವುದು ನಮ್ಮ ಸಂಪರ್ಕ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳಾದವು. ಅದಕ್ಕೆ ಸ್ವಲ್ಪವೇ ಮುಂಚೆ ಮಾಧ್ಯಮಗಳಿಗೆ ಬಂದಿದ್ದ ಈಮೇಲಿನ ಜಾಡು ಹಿಡಿದ ಪೋಲೀಸರು ತಲುಪಿದ್ದು ನಮ್ಮ ನವಿಮುಂಬಯಿಯ ಸಾನಪಾಡಾದ ಒಂದು ಮನೆಗೆ. ರಕ್ಷಣೆಯಿಲ್ಲದ ಆ ಮನೆಯ ವೈಫೈಯನ್ನು ಬೇರೆ ಯಾರೋ ಬಳಸಿದ್ದರೆಂದು ತನಿಖೆಯಲ್ಲಿ ತಿಳಿಯಿತು. ಆದ್ದರಿಂದ ಅತಿಥಿಯ ವೈಫೈಗೆ ಪಾಸ್‌ವರ್ಡ್ ಇರಲೇಬೇಕು, ಅತಿಥಿಗಳ ಸುಗ್ಗಿ ಮುಗಿದೊಡನೆ ಅದನ್ನು ಬದಲಿಸಬೇಕು. ಬದಲಿಸಿದರೆ ನಮ್ಮ ಸಾಧನಗಳಿಗೆ ಯಾವ ತೊಂದರೆಯೂ ಇಲ್ಲ. ಎರಡನೆಯ ಬೀಗದಕೈಯ ದೊಡ್ಡ ಸೌಕರ್ಯವೇ ಇದು.

'ಪಡಸಾಲೆ'ಯ ಹೆಸರು, ಪಾಸ್‌ವರ್ಡ್‌ಗಳ ಕ್ಯೂಆರ್ ಚಿತ್ರವನ್ನು ಒಂದು ರಟ್ಟಿಗೆ ಅಂಟಿಸಿ ಇಟ್ಟಿದ್ದೇವೆ. ಈಗಿನ ಮೊಬೈಲುಗಳು ಅದನ್ನು ಕ್ಯಾಮೆರಾದಿಂದಲೇ ಓದಿಕೊಳ್ಳುತ್ತವೆ.

ಗದಗಿನ ಹುಡುಗನಿಗೆ ಆ ಕೆಲಸ ಸಿಗಲಿಲ್ಲ, ಪುಣೆಯಲ್ಲಿ ಬೇರೊಂದು ಸಿಕ್ಕಿತು. ಈ ದೀಪಾವಳಿಗೆ ಬಂದಿದ್ದ. ಚಹಾ ಬರುವ ಮೊದಲೇ ನಾವು ಆ ರಟ್ಟನ್ನು ಅವನ ಮುಂದಿಟ್ಟೆವು. ಅವನು ನಕ್ಕು, "ನೆಟ್ಟ ಸುರು ಆತೇನ್ರಿ ಕಾಕಾ?" ಎಂದ.

"ನೆಟ್ಟ ಆವತ್ತೂ ಇತ್ತಪಾ. ನಾನ ಸುಳ್ಳ ಹೇಳಿದ್ದೆ."

"ಗೊತ್ತಿತ್ರಿ. ಇರ್ಲಿ ಬಿಡ್ರಿ ಕಾಕಾ, ಚಹಾ ಆರತದ."

ಓದುಗರೇ, ಈ ಕೆಲಸಕ್ಕೆ ಹಿಡಿಯುವುದು ರವಿವಾರದ ಅರ್ಧ ತಾಸು. ಊರಿನಿಂದ ಹುಡುಗರು ಬರುವ ಮೊದಲೇ ಮಾಡಿಟ್ಟುಕೊಳ್ಳಿ. ಮುಂದಿನ ಸಂಚಿಕೆಯ ತನಕ ನಮಸ್ಕಾರ.