ಬ್ರೇಕು ಹಿಡಿದರೆ ಚಾಲಕನ ತಪ್ಪೆ?

ಸಂಘದ ಕಚೇರಿಗೆ ರಿಕ್ಷಾ ಚಾಲಕರ ಒಂದು ದೂರು ಮೇಲಿಂದ ಮೇಲೆ ಬರುತ್ತಿದೆ. ಗಾಡಿ ಬೆಳಿಗ್ಗೆ ಹಗುರವಾಗಿ ಓಡುತ್ತದೆ, ಮಧ್ಯಾಹ್ನದ ಹೊತ್ತಿಗೆ ಭಾರವಾಗುತ್ತದೆ. ಗ್ಯಾಸು ಹೆಚ್ಚು ತಿನ್ನುತ್ತದೆ. ಬ್ರೇಕ್ ಶೂ ಬೇಗ ಸವೆಯುತ್ತದೆ. ಮಾಲಿಕರಿಗೆ ಹೇಳಿದರೆ ಒಂದೇ ಉತ್ತರ: "ನಿನ್ನ ಕಾಲು ಯಾವಾಗಲೂ ಪೆಡಲಿನ ಮೇಲೆಯೇ ಇರುತ್ತದೆ, ಶೂವಿನ ದುಡ್ಡು ನೀನೇ ಕೊಡು."

ಈ ಉತ್ತರ ನ್ಯಾಯವೇ ಎಂಬುದನ್ನು ನಾವು ಇಲ್ಲಿ ವಿಚಾರ ಮಾಡಬೇಕೆಂದಿದ್ದೇವೆ. ನಾವು ಮಿಸ್ತ್ರಿಗಳಲ್ಲ. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ಕಾವಲಿಯ ಮುಂದೆ ನಿಂತು, ರಾತ್ರಿ ಶಾಲೆಯಲ್ಲಿ ನಾಲ್ಕಕ್ಷರ ಕಲಿತವರು. ಆದರೆ ಹೋಟೆಲು ಬಿಟ್ಟು ರಿಕ್ಷಾ ಹಿಡಿದ ನಮ್ಮೂರಿನವರು ಬಾಂದ್ರಾ, ಸಾಯನ್ನಿನಿಂದಾಚೆಯ ಉಪನಗರಗಳಲ್ಲಿ ಬಹಳ ಮಂದಿ ಇದ್ದಾರೆ. ಅವರ ಹೊಟ್ಟೆಯ ಪ್ರಶ್ನೆ ನಮ್ಮ ಪ್ರಶ್ನೆಯೂ ಹೌದು.

ಮೊದಲು ನಷ್ಟ ಯಾರದೆಂದು ನೋಡೋಣ. ಬಾಡಿಗೆಗೆ ಗಾಡಿ ಹಿಡಿದವನು ದಿನದ ಬಾಡಿಗೆಯನ್ನು ಮಾಲಿಕರಿಗೆ ಕಟ್ಟುತ್ತಾನೆ. ಗ್ಯಾಸನ್ನು ತಾನೇ ತುಂಬಿಸುತ್ತಾನೆ. ಉಳಿದದ್ದು ಅವನ ಕೂಲಿ. ಬ್ರೇಕು ಹಿಡಿದುಕೊಂಡ ಗಾಡಿಗೆ ದಿನಕ್ಕೆ ಒಂದೇ ಒಂದು ಕಿಲೋ ಗ್ಯಾಸು ಹೆಚ್ಚು ಬೇಕಾಯಿತೆನ್ನಿ. ತಿಂಗಳಲ್ಲಿ 26 ದಿನ ದುಡಿದರೆ 26 ಕಿಲೋ ಗ್ಯಾಸಿನ ಬೆಲೆ ಅವನ ಕೂಲಿಯಿಂದಲೇ ಹೋಯಿತು. 2025ರ ಫೆಬ್ರವರಿ 1ರಿಂದ ಮುಂಬಯಿಯಲ್ಲಿ ರಿಕ್ಷಾದ ಕನಿಷ್ಠ ದರ 23 ರೂಪಾಯಿಯಿಂದ 26 ಆಯಿತು. ಆ ಮೂರು ರೂಪಾಯಿಗಾಗಿ ಎಷ್ಟು ಕಾಯಬೇಕಾಯಿತು! ಅದನ್ನು ಒಂದು ಬಿಸಿ ಡ್ರಮ್ಮು ಸದ್ದಿಲ್ಲದೆ ತಿಂದುಹಾಕುತ್ತದೆ. ನಷ್ಟ ಅನುಭವಿಸುವವನಿಗೆ ಚಕ್ರ ಬಿಚ್ಚಿಸುವ ಅಧಿಕಾರವಿಲ್ಲ. ಅಧಿಕಾರವಿದ್ದವರಿಗೆ ನಷ್ಟವಿಲ್ಲ. ರೋಗದ ಬೇರು ಇಲ್ಲಿದೆ.

ಒಂದು ಉದಾಹರಣೆ ಕೊಡುತ್ತೇವೆ. ಕುಂದಾಪುರದ ಕಡೆಯ ನಮ್ಮ ಸದಸ್ಯನೊಬ್ಬನ ಗಾಡಿಗೆ ಕೆಲವೇ ತಿಂಗಳಲ್ಲಿ ಮೂರು ಸಲ ಶೂ ಹಾಕಿಸಿದರು. ಎರಡು ಸಲದ ದುಡ್ಡನ್ನು ಅವನಿಂದಲೇ ವಸೂಲು ಮಾಡಿದರು. ಗ್ಯಾರೇಜಿನಲ್ಲಿ ಬೆಳಿಗ್ಗೆ ಚಕ್ರ ಎತ್ತಿ ತಿರುಗಿಸಿ, "ಎಲ್ಲ ಸರಿ ಇದೆ" ಎಂದು ಕಳಿಸುತ್ತಿದ್ದರು. "ಅಣ್ಣಾ, ಬೆಳಿಗ್ಗೆ ಸರಿಯೇ ಇರ್ತದೆ. ಎರಡು ಗಂಟೆ ಓಡಿದ ಮೇಲೆ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ಆಗ್ತದೆ" ಎಂದು ಅವನು ನಮ್ಮೆದುರು ಕಣ್ಣೀರು ಹಾಕಿದ. ಅವನ ಮಾತಿನಲ್ಲೇ ರೋಗದ ಗುರುತಿತ್ತು. ಕೇಳುವವರಿರಲಿಲ್ಲ.

ಬ್ರೇಕಿನ ಕೆಲಸ ನಡೆಯುವುದು ಹೀಗೆ. ಪೆಡಲು ಒತ್ತಿದರೆ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ಕಪ್ಪು ಮುಂದೆ ಸರಿದು, ಪೈಪಿನಲ್ಲಿರುವ ಬ್ರೇಕ್ ಆಯಿಲನ್ನು ಮೂರೂ ಚಕ್ರಗಳಿಗೆ ನೂಕುತ್ತದೆ. ಅಲ್ಲಿ ಶೂಗಳು ಅಗಲವಾಗಿ ಡ್ರಮ್ಮನ್ನು ಒತ್ತುತ್ತವೆ. ಕಾಲು ತೆಗೆದಾಗ ಸ್ಪ್ರಿಂಗು ಶೂಗಳನ್ನು ಹಿಂದಕ್ಕೆಳೆಯುತ್ತದೆ. ಮಾಸ್ಟರ್ ಸಿಲಿಂಡರಿನ ಕಪ್ಪು ಪೂರಾ ಹಿಂದೆ ಬಂದು, ಸೂಜಿಮೊನೆಯಷ್ಟು ಸಣ್ಣ ರಂಧ್ರವೊಂದು ತೆರೆದು, ಹೆಚ್ಚಿನ ಆಯಿಲು ಮೇಲಿನ ಡಬ್ಬಿಗೆ ಮರಳುತ್ತದೆ. ಪೆಡಲಿನಲ್ಲಿ ಸ್ವಲ್ಪವೂ ಸಡಿಲಿಲ್ಲದಿದ್ದರೆ ಕಪ್ಪು ಪೂರಾ ಹಿಂದೆ ಬರುವುದಿಲ್ಲ, ರಂಧ್ರ ಮುಚ್ಚಿಯೇ ಇರುತ್ತದೆ. ಓಡಿದಂತೆ ಆಯಿಲು ಕಾದು ಹಿಗ್ಗುತ್ತದೆ. ಹೋಗಲು ದಾರಿಯಿಲ್ಲ, ಆದ್ದರಿಂದ ಶೂಗಳನ್ನೇ ಒತ್ತುತ್ತದೆ. ಒತ್ತಿದಷ್ಟು ಬಿಸಿ, ಬಿಸಿಯಾದಷ್ಟು ಒತ್ತಡ. ರಾತ್ರಿ ತಣ್ಣಗಾದರೆ ಎಲ್ಲ ಬಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ನೋಡಿದ ಮಿಸ್ತ್ರಿಗೆ ದೋಷ ಕಾಣುವುದಾದರೂ ಹೇಗೆ?

ಆದುದರಿಂದ ನಮ್ಮ ಅಭಿಪ್ರಾಯ ಸ್ಪಷ್ಟ: ಗಾಡಿ ಹಿಡಿದುಕೊಂಡಾಗಲೇ ಪರೀಕ್ಷೆ ಆಗಬೇಕು. ಆ ಹೊತ್ತಿನಲ್ಲಿ ಗಾಡಿಯ ಹತ್ತಿರ ಇರುವವನು ಚಾಲಕ ಒಬ್ಬನೇ. ಅವನೇ ಮೊದಲ ವೈದ್ಯ.

ಅವನು ಮಾಡಬೇಕಾದುದು ಇಷ್ಟು. ಬ್ರೇಕನ್ನು ಹೆಚ್ಚು ಒತ್ತದೆ ಸ್ವಲ್ಪ ದೂರ ಓಡಿಸಿ, ಸಮನಾದ ಜಾಗದಲ್ಲಿ ನಿಲ್ಲಿಸಿ, ಮೂರು ಡ್ರಮ್ಮಿನ ಮೇಲೂ ನಾಲ್ಕು ಹನಿ ನೀರು ಚಿಮುಕಿಸಬೇಕು. ದೋಸೆ ಹೊಯ್ಯುವ ಮುಂಚೆ ಕಾವಲಿಗೆ ನೀರು ಚಿಮುಕಿಸಿ ಕಾವು ನೋಡಿದ ನಮ್ಮವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಕೈಯಿಟ್ಟು ನೋಡಬೇಡಿರಿ, ಸುಟ್ಟೀತು. ಒಂದೇ ಡ್ರಮ್ಮಿನಲ್ಲಿ ನೀರು ಚುರ್ ಎಂದರೆ ದೋಷ ಆ ಚಕ್ರದ್ದು. ಹಿಂದಿನ ಎರಡೂ ಕಾದಿದ್ದರೆ ಮೊದಲು ಹ್ಯಾಂಡ್‌ಬ್ರೇಕಿನ ಕೇಬಲು ನೋಡಿರಿ. ಅದು ಹಿಂದಿನ ಚಕ್ರಗಳನ್ನೇ ಹಿಡಿಯುವುದು. ಮೂರೂ ಕಾದಿದ್ದರೆ ಪೆಡಲು ಮತ್ತು ಮಾಸ್ಟರ್ ಸಿಲಿಂಡರಿನ ಮೇಲೆ ಸಂಶಯ. ಹಿಂದಿನ ಒಂದು ಚಕ್ರ ಹಿಡಿದರೆ ಗಾಡಿ ಆ ಕಡೆಗೆ ಎಳೆಯುತ್ತದೆ. ಮುಂದಿನ ಚಕ್ರ ನಡುವೆ ಇರುವುದರಿಂದ ಅದು ಹಿಡಿದರೆ ಹ್ಯಾಂಡಲಿಗೆ ಗೊತ್ತಾಗುವುದಿಲ್ಲ, ನೀರೇ ಹೇಳಬೇಕು.

ಮುಂದಿನ ಕೆಲಸ ಮಿಸ್ತ್ರಿಯದು. ಆದರೆ ಚಾಲಕ ಪಕ್ಕದಲ್ಲಿ ನಿಂತು ನೋಡಬೇಕು. ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಗೇರು ತಪ್ಪಿಸಿ, ಬಿಸಿಯಿರುವಾಗಲೇ ಆ ಚಕ್ರವನ್ನು ಜಾಕಿನಿಂದ ಎತ್ತಬೇಕು. ಗಾಳಿ ತೆಗೆಯುವ ನಿಪ್ಪಲನ್ನು ಬಟ್ಟೆ ಹಿಡಿದು ತುಸು ಸಡಿಲಿಸಬೇಕು. ಆಯಿಲು ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೆ ಸಿಕ್ಕಿಕೊಂಡಿತ್ತೆಂದು ತಿಳಿಯಿತು. ಬಿಟ್ಟುಕೊಳ್ಳದಿದ್ದರೆ ಸ್ಪ್ರಿಂಗು ಸೋತಿದೆ, ಇಲ್ಲವೆ ವ್ಹೀಲ್ ಸಿಲಿಂಡರು ತುಕ್ಕು ಹಿಡಿದು ಜಾಮಾಗಿದೆ, ಇಲ್ಲವೆ ಶೂ ಅತಿ ಬಿಗಿಯಾಗಿದೆ. ಸಿಕ್ಕಿಕೊಂಡ ಒತ್ತಡ ಮಾಸ್ಟರ್ ಸಿಲಿಂಡರಿನ ಹತ್ತಿರ ಪೈಪು ಸಡಿಲಿಸಿದಾಗಲೂ ಇಳಿದರೆ ದೋಷ ಮೇಲಿನದು. ಅಲ್ಲಿ ಇಳಿಯದೆ ಚಕ್ರದ ಹತ್ತಿರ ಮಾತ್ರ ಇಳಿದರೆ ನಡುವಿನ ರಬ್ಬರ್ ಪೈಪು ಒಳಗೇ ಊದಿ ದಾರಿ ಮುಚ್ಚಿರಬಹುದು. ಪರೀಕ್ಷೆ ಮುಗಿದ ಮೇಲೆ ಗಾಳಿ ತೆಗೆಯದೆ, ಪೆಡಲು ಗಟ್ಟಿಯಾಗದೆ ಗಾಡಿಯನ್ನು ರಸ್ತೆಗೆ ಇಳಿಸಲೇಬಾರದು.

ನಮ್ಮ ಸದಸ್ಯನ ಗಾಡಿಯನ್ನು ಒಂದು ಮಧ್ಯಾಹ್ನ ಹೀಗೆಯೇ ನೋಡಿಸಿದೆವು. ಮೂರು ಡ್ರಮ್ಮೂ ಕಾದಿದ್ದವು. ಹಿಂದೊಮ್ಮೆ ಮಾಸ್ಟರ್ ಸಿಲಿಂಡರು ಬದಲಿಸಿದವರು ಪೆಡಲಿನ ಕಡ್ಡಿಗೆ ಸಡಿಲನ್ನೇ ಬಿಟ್ಟಿರಲಿಲ್ಲ. ಪಾನಾ ಹಿಡಿದು ಸರಿಮಾಡಲು ಹತ್ತು ನಿಮಿಷ ಸಾಕಾಯಿತು. ಅಂದಿನಿಂದ ಗಾಡಿ ಹಗುರ. ವಸೂಲಾದ ದುಡ್ಡು ಮಾತ್ರ ಇನ್ನೂ ಬಂದಿಲ್ಲ.

ನಮ್ಮವರ ತಪ್ಪನ್ನೂ ಮುಚ್ಚಿಡಬಾರದು. ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವವರು, ಹ್ಯಾಂಡ್‌ಬ್ರೇಕನ್ನು ಅರ್ಧ ಇಳಿಸಿ ಹೊರಡುವವರು ಇದ್ದಾರೆ. ಇನ್ನು ಕೆಲವರು ಡಬ್ಬಿಯಲ್ಲಿ ಆಯಿಲು ಕಡಿಮೆಯಾದರೆ ಇಂಜಿನ್ ಆಯಿಲನ್ನೇ ಸುರಿಯುತ್ತಾರೆ. ನಾವೆಲ್ಲ ಬ್ರೇಕ್ ಆಯಿಲು ಎನ್ನುತ್ತೇವೆ, ನಿಜವಾಗಿ ಅದು ಎಣ್ಣೆಯಲ್ಲ. ಇಂಜಿನ್ ಎಣ್ಣೆ ಬಿದ್ದರೆ ರಬ್ಬರ್ ಕಪ್ಪುಗಳು ಊದಿಕೊಂಡು ಬ್ರೇಕೆಲ್ಲ ಹಿಡಿದುಕೊಳ್ಳುತ್ತದೆ. ಸೀಲು ಒಡೆದು ಬಹಳ ದಿನವಾದ ಡಬ್ಬಿಯದನ್ನೂ ಹಾಕಬಾರದು, ಅದು ಗಾಳಿಯ ತೇವ ಹೀರುತ್ತದೆ. ಡ್ರಮ್ಮಿನ ಧೂಳನ್ನು ಬಾಯಿಯಿಂದಾಗಲಿ ಪಂಪಿನಿಂದಾಗಲಿ ಊದಬಾರದು. ಶೂವಿನಲ್ಲಿ ಆಸ್ಬೆಸ್ಟಾಸ್ ಇದ್ದರೆ ಆ ಧೂಳು ಪುಪ್ಪುಸಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿರಿ.

ಇದು ಗ್ಯಾಸಿನ ಲೆಕ್ಕ ಮಾತ್ರವೂ ಅಲ್ಲ. ಬ್ರೇಕ್ ಆಯಿಲು ಅತಿಯಾಗಿ ಕಾದು ಕುದಿದರೆ ಪೈಪಿನಲ್ಲಿ ಆವಿ ತುಂಬಿ, ಪೆಡಲು ಒತ್ತಿದಾಗ ಕಾಲು ತಳಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಬೆಳಿಗ್ಗೆಯಿಂದ ಹಿಡಿದುಕೊಂಡಿದ್ದ ಬ್ರೇಕೇ ಬೇಕಾದಾಗ ಕೈಕೊಡುತ್ತದೆ. ಹಿಂದೆ ಕೂತ ಶಾಲೆಯ ಮಕ್ಕಳಿಗೆ, ಬಸುರಿ ಹೆಂಗಸಿಗೆ ಯಾರು ಜವಾಬು ಕೊಡಬೇಕು? ಪೊಲೀಸರ ಕಾಗದದಲ್ಲಿ ಬರೆಯುವುದು ಚಾಲಕನ ಹೆಸರನ್ನೇ ಅಲ್ಲವೆ?

ಆದ್ದರಿಂದ ಮಾಲಿಕರ ಮುಂದೆ ನಾವು ಮೂರು ಮಾತುಗಳನ್ನಿಡುತ್ತೇವೆ. ಗಾಡಿ ಭಾರವಾಯಿತೆಂದು ಚಾಲಕ ಹೇಳಿದ ದಿನವೇ, ಬಿಸಿಯಿರುವಾಗ, ಅವನೆದುರಿಗೆ ಪರೀಕ್ಷೆ ಆಗಲಿ. ಕಾರಣ ಗೊತ್ತಾಗದೆ ಶೂವಿನ ದುಡ್ಡನ್ನು ಅವನ ಲೆಕ್ಕಕ್ಕೆ ಬರೆಯಬಾರದು. ಗಾಡಿ ಗ್ಯಾರೇಜಿನಲ್ಲಿದ್ದ ಹೊತ್ತಿನ ಬಾಡಿಗೆ ಮಾಫಿಯಾಗಲಿ. ಒಳ್ಳೆಯ ಮಾಲಿಕರಿಗೆ ಇದರಲ್ಲಿ ನಷ್ಟವಿಲ್ಲ. ಅವರ ಗಾಡಿಯೇ ಉಳಿಯುತ್ತದೆ.

ಚಾಲಕ ಬಂಧುಗಳಿಗೂ ಒಂದು ಮಾತು. ನಾಳೆ ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದಾಗ ಮೂರು ಡ್ರಮ್ಮಿಗೂ ನೀರು ಚಿಮುಕಿಸಿ ನೋಡಿರಿ. ಚುರ್ ಎಂದದ್ದು ಯಾವುದೆಂದು ದಿನ, ಗಂಟೆ ಸಮೇತ ಪುಸ್ತಕದಲ್ಲಿ ಬರೆದಿಡಿರಿ. "ಭಾರ ಆಗ್ತದೆ" ಎಂಬ ಬಾಯಿಮಾತನ್ನು ತಳ್ಳಿಹಾಕಬಹುದು. ಬರೆದಿಟ್ಟ ಲೆಕ್ಕವನ್ನು ತಳ್ಳಿಹಾಕುವುದು ಅಷ್ಟು ಸುಲಭವಲ್ಲ. ಆ ಪುಸ್ತಕ ಹಿಡಿದು ಸಂಘಕ್ಕೆ ಬನ್ನಿರಿ. ನಾವು ನಿಮ್ಮ ಜೊತೆ ಮಾಲಿಕರಲ್ಲಿಗೆ ಬರುತ್ತೇವೆ.